ಅದೇ ಕೈ, ಬೇರೆ ಊರು

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳಿಗೂ ಊರಿನವರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ

ತೊಗರಿ ರಾಶಿ ಮುಗಿದ ಮೇಲೆ ಒಂದು ದಿನ ನಮ್ಮ ಸ್ಟೇಷನ್‌ಗೆ ಹೋಗಿ ನಿಂತು ನೋಡಿ. ಮುಂಬೈ, ಪುಣೆ ಕಡೆಯ ಗಾಡಿ ಬರುವ ಹೊತ್ತಿಗೆ ಪ್ಲಾಟ್‌ಫಾರ್ಮ್ ತುಂಬ ಜನ. ಜೋಳದ ಹಿಟ್ಟಿನ ಚೀಲ, ಪಾತ್ರೆಗಳ ಗಂಟು, ಸೊಂಟದ ಮೇಲೆ ಮಗು. ಗುಳೆ ಹೊರಟವರು. ನಿಮ್ಮಲ್ಲಿ ಕೆಲವರ ಮನೆಯವರೂ ಆ ಗುಂಪಿನಲ್ಲಿ ಇರಬಹುದು.

ನಮ್ಮ ಊರಿನ ಒಬ್ಬ ಗೌಂಡಿ ಹೀಗೆಯೇ ಪುಣೆಗೆ ಹೋದ. ಎರಡು ವರ್ಷದ ಮೇಲೆ ಜಾತ್ರೆಗೆ ಬಂದಾಗ ಸಿಕ್ಕಿದ. ಅಲ್ಲಿ ಬಹಳ ದುಡಿಯಬೇಕೇನೋ ಅಂತ ಕೇಳಿದೆ. ಅವನು ಹೇಳಿದ: "ಕಾಕಾ, ಅಲ್ಲಿ ನಾ ಏನ್ ಹೆಚ್ಚ ದುಡಿತೀನ್ರಿ? ಖರೇ ಹೇಳಬೇಕಂದ್ರ ಇಲ್ಲೇ ಹೆಚ್ಚ ದುಡಿತಿದ್ದೆ. ಆದ್ರ ಅಲ್ಲಿ ಪಗಾರ ಜಾಸ್ತಿ ಅದ."

ಈ ಮಾತನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಯಾಕಂದ್ರೆ ಇವತ್ತಿನ ವಿಷಯವೆಲ್ಲ ಅದರಲ್ಲೇ ಇದೆ. ಮನುಷ್ಯ ಅವನೇ, ಕೈ ಅದೇ, ಕರಣೆ ಹಿಡಿಯುವ ರೀತಿಯೂ ಅದೇ. ರಾತ್ರಿ ಗಾಡಿ ಹತ್ತಿ ಬೆಳಿಗ್ಗೆ ಇಳಿದರೆ ಆ ಕೈಯ ಬೆಲೆ ಜಾಸ್ತಿ ಆಗಿರುತ್ತದೆ. ರಾತ್ರಿ ಪ್ರಯಾಣದಲ್ಲಿ ಅವನು ಹೊಸದೇನನ್ನೂ ಕಲಿತಿಲ್ಲ. ಹಾಗಾದರೆ ಬದಲಾದದ್ದು ಏನು?

ಒಬ್ಬ ಮನುಷ್ಯ ಒಂದು ಗಂಟೆ ದುಡಿದರೆ ಎಷ್ಟು ಬೆಲೆಯ ಸರಕು ಅಥವಾ ಸೇವೆ ಹುಟ್ಟುತ್ತದೆ ಅನ್ನುವುದಕ್ಕೆ ಉತ್ಪಾದಕತೆ ಅಂತಾರೆ. ಎಷ್ಟು ಬೆವರು ಸುರಿಯಿತು ಅನ್ನುವುದನ್ನು ಈ ಅಳತೆ ಕೇಳುವುದಿಲ್ಲ. ನನ್ನ ಅವ್ವ ಮನೆಯಲ್ಲೇ ಬೇಳೆ ಮಾಡುತ್ತಿದ್ದಳು. ತೊಗರಿ ನೆನೆಸುವುದು, ಬಿಸಿಲಿಗೆ ಹರವುವುದು, ಬೀಸುಕಲ್ಲಿನಲ್ಲಿ ಒಡೆಯುವುದು, ಕೇರುವುದು. ಎರಡು ದಿನದ ಕೆಲಸಕ್ಕೆ ಒಂದು ಡಬ್ಬಿ ಬೇಳೆ. ಇವತ್ತು ನಮ್ಮ ಕಾಳಿನ ಪೇಟೆಯಾದ ಗಂಜ್‌ನ ಹತ್ತಿರ ಒಂದು ದಾಲ್ ಮಿಲ್‌ಗೆ ಹೋದರೆ ಅಷ್ಟು ಬೇಳೆ ನೀವು ಕಣ್ಣು ಮಿಟುಕಿಸುವುದರೊಳಗೆ ಚೀಲಕ್ಕೆ ಬಿದ್ದಿರುತ್ತದೆ. ಮಿಲ್‌ನಲ್ಲಿ ನಿಂತ ಹುಡುಗ ನನ್ನ ಅವ್ವನಿಗಿಂತ ಹೆಚ್ಚು ಕಷ್ಟಪಡುತ್ತಿದ್ದಾನೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಈ ಮಾತನ್ನು ಮೊದಲೇ ಹೇಳಲು ಕಾರಣ ಇದೆ. "ಈ ಕಡೆಯ ಜನ ಸೋಮಾರಿಗಳು, ಅದಕ್ಕೇ ಹಿಂದೆ ಬಿದ್ದಿದ್ದಾರೆ" ಅನ್ನುವ ಮಾತನ್ನು ನಾನು ಬೆಂಗಳೂರಿನಲ್ಲೂ ಕೇಳಿದ್ದೇನೆ. ಬೇಜಾರಿನ ಸಂಗತಿ ಅಂದರೆ, ಈ ಊರಿನಲ್ಲೇ, ನಮ್ಮವರ ಬಾಯಲ್ಲೇ ಕೇಳಿದ್ದೇನೆ. ಮೇ ತಿಂಗಳ ಬಿಸಿಲಿನಲ್ಲಿ ಶಹಾಬಾದಿನ ಖಣಿಯಲ್ಲಿ ಪರ್ಸಿ ಕಲ್ಲು ಎಬ್ಬಿಸುವವರನ್ನು ನೋಡಿದ ಮೇಲೆ ಯಾರೂ ಈ ಮಾತು ಆಡಬಾರದು. ಪದರ ಪದರವಾಗಿ ಕೂತ ಕಲ್ಲಿನ ಸಂದಿ ಹುಡುಕಿ, ಸೀಳು ಬೀಳದಂತೆ ಹಾಸುಗಲ್ಲು ಎತ್ತುವುದಕ್ಕೆ ಮೈ ಬಲವೂ ಬೇಕು, ಕಣ್ಣಿನ ಲೆಕ್ಕವೂ ಬೇಕು. ದೇಶದ ಎಷ್ಟೋ ರೈಲ್ವೆ ಪ್ಲಾಟ್‌ಫಾರ್ಮ್‌ಗಳಲ್ಲಿ, ಅಂಗಳಗಳಲ್ಲಿ ಜನ ಅದೇ ಕಲ್ಲಿನ ಮೇಲೆ ನಡೆಯುತ್ತಾರೆ.

ಇನ್ನು ಆ ಗೌಂಡಿಯ ಪ್ರಶ್ನೆ. ಪುಣೆಯಲ್ಲಿ ಅವನ ಪಕ್ಕದಲ್ಲಿ ಕ್ರೇನ್ ಇತ್ತು. ಕಾಂಕ್ರೀಟ್ ಕಲಸಿಕೊಂಡೇ ಲಾರಿಯಲ್ಲಿ ಬರುತ್ತಿತ್ತು. ಇಟ್ಟಿಗೆ ಬರಲಿಲ್ಲ ಅಂತ ಅವನು ಒಂದು ದಿನವೂ ಸುಮ್ನೆ ಕೂರಲಿಲ್ಲ. ವೈರಿಂಗ್‌ನವರು, ಪೈಪಿನವರು, ಬಣ್ಣದವರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಅವನು ಬರೀ ಪ್ಲಾಸ್ಟರ್ ಮಾಡುತ್ತಿದ್ದ, ವರ್ಷವಿಡೀ ಅದೇ. ಊರಲ್ಲಿ ಇದ್ದಾಗ ತಳಪಾಯವೂ ಅವನೇ, ಗೋಡೆಯೂ ಅವನೇ, ಬಚ್ಚಲಿನ ಗುಂಡಿಯೂ ಅವನೇ. ಒಂದು ಮನೆ ಮುಗಿದರೆ ಮುಂದಿನ ಮನೆ ಸಿಗುವವರೆಗೆ ಕಟ್ಟೆಯ ಮೇಲೆ ಕೂರಬೇಕಿತ್ತು.

ಇದನ್ನೇ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಗುಂಡುಸೂಜಿಯ ಉದಾಹರಣೆ ಕೊಟ್ಟು ಹೇಳಿದರು. ಒಬ್ಬನೇ ಎಲ್ಲ ಕೆಲಸ ಮಾಡಿದರೆ ದಿನಕ್ಕೆ 20 ಸೂಜಿಯೂ ಆಗುವುದು ಕಷ್ಟ. ಹತ್ತು ಜನ ಕೆಲಸ ಹಂಚಿಕೊಂಡರೆ ದಿನಕ್ಕೆ 48,000. ಈ ಲೆಕ್ಕ ನಿಮ್ಮ ಪುಸ್ತಕದಲ್ಲೂ ಇದೆ. ಆದರೆ ಅವರು ಆಮೇಲೆ ಹೇಳಿದ ಇನ್ನೊಂದು ಮಾತನ್ನು ಪರೀಕ್ಷೆಗೆ ಯಾರೂ ಓದುವುದಿಲ್ಲ. ಮಾರುಕಟ್ಟೆ ಎಷ್ಟು ದೊಡ್ಡದೋ ಅಷ್ಟೇ ಕೆಲಸ ಹಂಚಲು ಸಾಧ್ಯ ಅನ್ನುವುದು ಆ ಮಾತು. ವರ್ಷಕ್ಕೆ ನಾಲ್ಕು ಮನೆ ಕಟ್ಟುವ ಊರಲ್ಲಿ ಬರೀ ಪ್ಲಾಸ್ಟರ್ ಮಾಡುವ ಗೌಂಡಿ ಹೊಟ್ಟೆ ತುಂಬಿಸಿಕೊಳ್ಳುವುದು ಹೇಗೆ?

ಮಾರುಕಟ್ಟೆ ದೊಡ್ಡದಾಗುವುದು ದಾರಿಯಿಂದ. 1871ರಲ್ಲಿ ಮುಂಬೈ ಕಡೆಯ ರೈಲು ದಾರಿಯೂ ಮದ್ರಾಸ್ ಕಡೆಯ ದಾರಿಯೂ ರಾಯಚೂರಿನಲ್ಲಿ ಕೂಡಿದವು. ಆ ದಾರಿ ಕಲಬುರಗಿ, ವಾಡಿ, ಯಾದಗಿರಿ ಮೂಲಕ ಹೋಗುತ್ತದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಬಂತು. ಅಂದರೆ ನಮ್ಮ ಭಾಗಕ್ಕೆ ರೈಲು ಬಂದು 150 ವರ್ಷ ದಾಟಿದೆ. ತೊಗರಿ ಬೇಳೆ, ಹಾಸುಗಲ್ಲು ದೂರದ ಪೇಟೆಗೆ ಹೋದದ್ದು ಅದರಿಂದಲೇ. ಆದರೆ ಬೀದರ್ ಮತ್ತು ಕಲಬುರಗಿ ನಡುವೆ ನೇರ ರೈಲು ಓಡಲು 2017ರ ಅಕ್ಟೋಬರ್ ತನಕ ಕಾಯಬೇಕಾಯಿತು. ಬರೀ 110 ಕಿಲೋಮೀಟರ್. ಪಕ್ಕದ ಜಿಲ್ಲೆಗೆ ಹೋಗಲು ಇಷ್ಟು ತಡ, ಆದರೆ ಮುಂಬೈಗೆ ಹೋಗಲು ದಾರಿ ಮೊದಲೇ ಸಿದ್ಧ. ನಮ್ಮ ಸಾಮಾನು, ನಮ್ಮ ಜನ ಹೊರಗೆ ಹೋಗುವುದು ಸುಲಭ ಆಯಿತು. ನಾವು ನಾವೇ ಒಬ್ಬರಿಗೊಬ್ಬರು ಮಾರುಕಟ್ಟೆ ಆಗುವುದು ಕಷ್ಟವಾಗಿಯೇ ಉಳಿಯಿತು.

ದಾಲ್ ಮಿಲ್‌ಗಳ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕಂದ್ರೆ ಅದು ನಮ್ಮ ಹೆಮ್ಮೆ. ಒಂದು ಮಿಲ್ ಇದ್ದ ಕಡೆ ಇನ್ನೊಂದು ಯಾಕೆ ಬರುತ್ತದೆ? ಒಂದೇ ಊರಲ್ಲಿ ಇಷ್ಟು ಮಿಲ್ ಇದ್ದರೆ ಪೈಪೋಟಿ ಜಾಸ್ತಿ ಅಲ್ವಾ, ಬೇರೆ ಊರಿಗೆ ಹೋಗಬಹುದಲ್ಲ? ಹೋಗುವುದಿಲ್ಲ. ಇಲ್ಲಿ ಬೆಲ್ಟ್ ಹರಿದರೆ ಅರ್ಧ ಗಂಟೆಯಲ್ಲಿ ಹೊಸ ಬೆಲ್ಟ್ ಸಿಗುತ್ತದೆ. ರೋಲರ್ ಸವೆದರೆ ಸರಿ ಮಾಡುವ ಮೇಸ್ತ್ರಿ ಇದ್ದಾನೆ. ಕಾಳನ್ನು ಅಂಗೈಯಲ್ಲಿ ಹಿಡಿದು, ಹಲ್ಲಲ್ಲಿ ಕಚ್ಚಿ ನೋಡಿ, ಎಷ್ಟು ಬೇಳೆ ಬೀಳುತ್ತದೆ ಅಂತ ಹೇಳುವ ದಲ್ಲಾಳಿ ಇದ್ದಾನೆ. ಅಡತಿ ಅಂಗಡಿ, ಲಾರಿ ಆಫೀಸು, ಹಮಾಲರು, ಕಾಳಿನ ಮೇಲೆ ಸಾಲ ಕೊಡುವ ಬ್ಯಾಂಕು, ಎಲ್ಲ ಒಂದೇ ಸುತ್ತಿನಲ್ಲಿ. ಆಲ್ಫ್ರೆಡ್ ಮಾರ್ಷಲ್ ಅನ್ನುವ ಅರ್ಥಶಾಸ್ತ್ರಜ್ಞರು 1890ರಲ್ಲೇ ಇದನ್ನು ಗುರುತಿಸಿದ್ದರು. ಇಂಥ ಊರಲ್ಲಿ ಕಸುಬಿನ ಗುಟ್ಟು ಗಾಳಿಯಲ್ಲೇ ಇರುತ್ತದೆ, ಮಕ್ಕಳು ತಮಗೆ ತಿಳಿಯದೆಯೇ ಕಲಿತುಬಿಡುತ್ತಾರೆ ಅನ್ನುವ ಅರ್ಥದ ಮಾತು ಅವರದು. ಗಂಜ್‌ನಲ್ಲಿ ಬೆಳೆದ ಹುಡುಗನನ್ನು ಕೇಳಿ ನೋಡಿ, ತೊಗರಿಯ ತೇವ ಎಷ್ಟಿದೆ ಅಂತ ಕೈಯಾಡಿಸಿಯೇ ಹೇಳುತ್ತಾನೆ.

ಹಾಗಾದರೆ ತೊಗರಿಯ ಕಣಜ ಅನ್ನಿಸಿಕೊಂಡ ಜಿಲ್ಲೆ ತಲಾ ಆದಾಯದ ಪಟ್ಟಿಯಲ್ಲಿ ರಾಜ್ಯದ ಕೊನೆಯ ಸಾಲಿನಲ್ಲಿ ಯಾಕೆ? ನಮ್ಮ ತೊಗರಿಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹೆಸರಿದೆ, ರುಚಿ ಇದೆ, ಮಿಲ್ ಇದೆ. ಕೊರತೆ ಇರುವುದು ಹೊಲದಲ್ಲಿ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಎರೆ ಭೂಮಿ, ಮಳೆ ನಂಬಿದ ಬೇಸಾಯ. ಜೂನ್‌ನಲ್ಲಿ ಬಿತ್ತಿದರೆ ಡಿಸೆಂಬರ್, ಜನವರಿಗೆ ರಾಶಿ. ವರ್ಷಕ್ಕೆ ಒಂದೇ ಬೆಳೆ. ಒಂದು ಕುಟುಂಬದ ಕೈಗಳಿಗೆ ಹೊಲದಲ್ಲಿ ನಿಜವಾದ ಕೆಲಸ ಸಿಗುವುದು ವರ್ಷದ ಕೆಲವೇ ತಿಂಗಳು. ಉಳಿದ ದಿನ ಕೈ ಖಾಲಿ. ಹೊಲದಲ್ಲಿ ನಿಂತ ದಿನ ಅವರು ಯಾರಿಗೂ ಕಡಿಮೆ ಇಲ್ಲ. ವರ್ಷದ ಲೆಕ್ಕ ಹಾಕುವಾಗ ಆ ಖಾಲಿ ದಿನಗಳೆಲ್ಲ ಸೇರಿ ಸರಾಸರಿಯನ್ನು ಕೆಳಗೆ ಎಳೆಯುತ್ತವೆ.

ಎಕರೆಗೆ ಬರುವ ಇಳುವರಿಯೂ ಕಡಿಮೆ. ಅದನ್ನು ಹೆಚ್ಚಿಸುವ ದಾರಿಗಳು ಗೊತ್ತಿಲ್ಲ ಅಂತೇನಿಲ್ಲ. ಬಿತ್ತಿ ಒಂದೂವರೆ ತಿಂಗಳಾದ ಮೇಲೆ ತೊಗರಿಯ ಕುಡಿ ಚಿವುಟಿದರೆ ಪಕ್ಕದ ಕೊಂಬೆ ಜಾಸ್ತಿ ಒಡೆಯುತ್ತದೆ, ಕಾಯಿ ಜಾಸ್ತಿ ಕಟ್ಟುತ್ತದೆ. ಬೀದರ್ ಕಡೆ ಕೃಷಿ ವಿಜ್ಞಾನ ಕೇಂದ್ರದವರು ನಾಟಿ ಪದ್ಧತಿ ತೋರಿಸಿಕೊಟ್ಟರು. ಮಳೆಗೆ ಮೊದಲೇ ಚೀಲದಲ್ಲಿ ಸಸಿ ಬೆಳೆಸಿಕೊಂಡು, ಮಳೆ ಬಿದ್ದ ಕೂಡಲೇ ದೂರ ದೂರಕ್ಕೆ ನಾಟಿ ಮಾಡುವುದು. ಗಿಡ ಮರದ ಹಾಗೆ ಹರಡುತ್ತದೆ. ಹೂವು ಉದುರದಿರಲಿ ಅಂತ ಸಿಂಪಡಿಸಲು ರಾಯಚೂರು ಕೃಷಿ ವಿಶ್ವವಿದ್ಯಾಲಯ ಪಲ್ಸ್ ಮ್ಯಾಜಿಕ್ ಅನ್ನುವ ಪುಡಿ ಮಾಡಿದೆ. ನಮ್ಮಿಂದ ಕೆಲವೇ ಗಂಟೆಯ ದೂರದ ಪಟಾನ್‌ಚೆರುವಿನಲ್ಲಿ 1972ರಿಂದ ಇಕ್ರಿಸ್ಯಾಟ್ ಇದೆ. ಜೋಳ, ತೊಗರಿ, ಕಡಲೆಯ ಬಗ್ಗೆ ಸಂಶೋಧನೆ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆ ಅದು. ಅಲ್ಲಿಂದ ಬಂದ ಮಾರುತಿ ತಳಿಯನ್ನು ನಮ್ಮ ಹಿರಿಯರು ಮರೆತಿರಲಾರರು. ನೆಟೆ ರೋಗ ತಡೆಯುತ್ತದೆ ಅಂತ 80ರ ದಶಕದಲ್ಲಿ ಬಂತು, ಕೆಲವೇ ವರ್ಷದಲ್ಲಿ ಎಲ್ಲ ಹೊಲದಲ್ಲೂ ಅದೇ ಆಯಿತು. ಅದೇ ಮಣ್ಣು, ಅದೇ ಮಳೆ, ಅದೇ ರೈತ. ಬೀಜ ಮಾತ್ರ ಹೊಸದು. ಮೊದಲು ಸಾಯುತ್ತಿದ್ದ ಗಿಡ ಬದುಕಿತು.

ರಾಬರ್ಟ್ ಸೋಲೋ ಅನ್ನುವ ಅರ್ಥಶಾಸ್ತ್ರಜ್ಞರು 1957ರಲ್ಲಿ ಅಮೆರಿಕದ 40 ವರ್ಷದ ಲೆಕ್ಕ ತೆಗೆದರು. 1909ರಿಂದ 1949ರ ನಡುವೆ ಅಲ್ಲಿ ಗಂಟೆಯ ದುಡಿಮೆಗೆ ಬರುವ ಉತ್ಪನ್ನ ಎರಡು ಪಟ್ಟಾಗಿತ್ತು. ಆ ಏರಿಕೆಯಲ್ಲಿ ಯಂತ್ರ, ಕಟ್ಟಡಗಳಿಗೆ ಹಾಕಿದ ದುಡ್ಡಿನ ಪಾಲು ಎಂಟರಲ್ಲಿ ಒಂದು ಭಾಗ ಮಾತ್ರ. ಉಳಿದ ಏಳು ಭಾಗ ಹೊಸ ತಿಳಿವಳಿಕೆ, ಹೊಸ ವಿಧಾನ, ಕೆಲಸದ ಹೊಸ ಜೋಡಣೆ. ಮಾರುತಿ ತಳಿಯನ್ನು ನೆನೆಸಿಕೊಂಡರೆ ಈ ಲೆಕ್ಕ ಅರ್ಥವಾಗುತ್ತದೆ. ಹೊಲ ದೊಡ್ಡದಾಗಲಿಲ್ಲ, ಎತ್ತು ಹೆಚ್ಚಾಗಲಿಲ್ಲ. ಬೀಜದೊಳಗೆ ತಿಳಿವಳಿಕೆ ಬಂತು.

ಇಷ್ಟೆಲ್ಲ ಗೊತ್ತಿದ್ದೂ ರೈತರು ಯಾಕೆ ಮಾಡುವುದಿಲ್ಲ ಅಂತ ನೀವು ಕೇಳಬಹುದು. ನಾನೂ ಒಮ್ಮೆ ನನ್ನ ಅಣ್ಣನನ್ನು ಹೀಗೇ ಕೇಳಿದ್ದೆ, ಸ್ವಲ್ಪ ದೊಡ್ಡ ದನಿಯಲ್ಲಿ. ಅವನು ಸಮಾಧಾನವಾಗಿ ಲೆಕ್ಕ ಹೇಳಿದ. ಸಸಿ ಬೆಳೆಸಬೇಕಂದ್ರೆ ಮೇ ತಿಂಗಳಲ್ಲಿ ನೀರು ಬೇಕು. ಕುಡಿಯಲಿಕ್ಕೇ ನೀರಿಲ್ಲದ ತಿಂಗಳು ಅದು. ನಾಟಿಗೆ ಒಂದೇ ವಾರದಲ್ಲಿ ಹತ್ತಾರು ಆಳು ಬೇಕು, ಕೂಲಿ ಕೈಯಲ್ಲಿ ಕೊಡಬೇಕು. ಆ ದುಡ್ಡು ಸಾಲದ್ದು. ಮಳೆ ಕೈಕೊಟ್ಟರೆ ಬೆಳೆಯೂ ಹೋಯಿತು, ಸಾಲವೂ ಉಳಿಯಿತು. "ಸುಮ್ನೆ ಬಿತ್ತಿ ಹೋದ್ರ ಸ್ವಲ್ಪ ಬರ್ತದ, ಹೋದ್ರೂ ಸ್ವಲ್ಪೇ ಹೋಗ್ತದ" ಅಂದ. 2022ರಲ್ಲಿ ಮಳೆ ಜಾಸ್ತಿಯಾಗಿ ಹೊಲದಲ್ಲಿ ನೀರು ನಿಂತು, ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಬಂದು, ನಿಂತ ನಿಂತಲ್ಲೇ ಗಿಡ ಒಣಗಿದ್ದನ್ನು ನೀವೂ ನೋಡಿದ್ದೀರಿ. ಆ ವರ್ಷ ಯಾರು ಹೊಲಕ್ಕೆ ಹೆಚ್ಚು ದುಡ್ಡು ಹಾಕಿದ್ದರೋ ಅವರೇ ಹೆಚ್ಚು ಕಳೆದುಕೊಂಡರು. ಅಣ್ಣನ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನ ಎಂ.ಎ. ಪದವಿಗೆ ಆಗಲಿಲ್ಲ.

ಅಪಾಯ ಹೊರಲು ಆಗದವನು ಕಡಿಮೆ ಅಪಾಯದ, ಕಡಿಮೆ ಇಳುವರಿಯ ದಾರಿ ಹಿಡಿಯುತ್ತಾನೆ. ಸಮಯಕ್ಕೆ ಬರುವ ಬೆಳೆ ವಿಮೆ, ಬಡ್ಡಿ ಕಡಿಮೆಯ ಸಾಲ, ಒಂದು ಕೃಷಿಹೊಂಡ, ಇವು ಇದ್ದರೆ ಅದೇ ಮನುಷ್ಯ ಬೇರೆ ಲೆಕ್ಕ ಹಾಕುತ್ತಾನೆ. ತಿಳಿವಳಿಕೆ ಒಂದು ಕಡೆ ಇರುತ್ತದೆ, ಅದನ್ನು ಬಳಸುವ ಧೈರ್ಯ ಇನ್ನೊಂದು ಕಡೆಯಿಂದ ಬರಬೇಕು.

ಈಗ ಹಿಂದಕ್ಕೆ ಹೋಗೋಣ. ಈ ನೆಲ ಯಾವಾಗಲೂ ಹೀಗೇ ಇತ್ತಾ? ಸೇಡಂ ರಸ್ತೆಯಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಸುಲೈಮಾನ್ ಅನ್ನುವ ಅರಬ್ ವ್ಯಾಪಾರಿ ಆ ರಾಜನನ್ನು ಜಗತ್ತಿನ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬ ಅಂತ ಎಣಿಸಿದ್ದ. 1347ರಲ್ಲಿ ಕಲಬುರಗಿ ಬಹಮನಿಗಳ ರಾಜಧಾನಿಯಾಯಿತು, ಆಮೇಲೆ ಬೀದರ್. ಅಲ್ಲಿ ಬಹಮನಿಗಳ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಮದ್ರಸಾ ಕಟ್ಟಿಸಿದ. ಅವನೇ ಪರ್ಷಿಯಾದ ಕಡೆಯಿಂದ ಬಂದವನು. ರಷ್ಯಾದಿಂದ ಹೊರಟ ಅಫನಾಸಿ ನಿಕಿತಿನ್ ಅದೇ ಕಾಲದಲ್ಲಿ ಬೀದರ್ ಪೇಟೆಯಲ್ಲಿ ಓಡಾಡಿದ. ಅಂದರೆ ಜಗತ್ತಿನ ಮಂದಿ ಕೆಲಸ, ವಿದ್ಯೆ, ವ್ಯಾಪಾರ ಹುಡುಕಿಕೊಂಡು ಇಲ್ಲಿಗೆ ಗುಳೆ ಬರುತ್ತಿದ್ದ ಕಾಲವೂ ಇತ್ತು.

ಆದರೆ ಆ ವೈಭವವನ್ನು ನಾನು ಉತ್ಪಾದಕತೆ ಅಂತ ಕರೆಯುವುದಿಲ್ಲ. ರಾಜಧಾನಿಯ ಸಿರಿಯಲ್ಲಿ ಬಹುಪಾಲು ಸುತ್ತಲಿನ ಹೊಲಗಳಿಂದ ಎತ್ತಿದ ಕಂದಾಯ. ಆಸ್ಥಾನ ಬೇರೆ ಕಡೆ ಹೋದಾಗ ಸಿರಿಯೂ ಅದರ ಹಿಂದೆ ಹೋಯಿತು. ಉಳಿದದ್ದು ಜನರ ಕೈಯಲ್ಲಿದ್ದ ಕಸುಬು. ಬೀದರಿನ ಲೋಹದ ಕುಸುರಿ ಕೆಲಸ, ಬಿದ್ರಿ, ಉಳಿಯಿತು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೆತ್ತಿ, ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ ಬಿಸಿ ಮಾಡಿದಾಗ ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ. ಬಹಮನಿಗಳು ಹೋದರೂ ಈ ವಿದ್ಯೆ ಬೀದರ್ ಓಣಿಗಳಲ್ಲಿ ತಂದೆಯಿಂದ ಮಗನಿಗೆ ಬಂತು.

ಬಿದ್ರಿ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಒಂದು ಹೂಜಿಯ ಮೇಲೆ ಬೆಳ್ಳಿ ಕೂರಿಸಲು ನೂರಾರು ವರ್ಷದ ಹಿಂದೆ ಎಷ್ಟು ದಿನ ಬೇಕಿತ್ತೋ ಇವತ್ತೂ ಹೆಚ್ಚು ಕಡಿಮೆ ಅಷ್ಟೇ ಬೇಕು. ಅಷ್ಟರಲ್ಲಿ ಬೇರೆ ಕಸುಬುಗಳಲ್ಲಿ ಯಂತ್ರ ಬಂದು ಗಂಟೆಯ ಬೆಲೆ ಏರಿದೆ. ಬಿದ್ರಿಯವನ ಮಗ ಹೈದರಾಬಾದಿನ ಮೊಬೈಲ್ ಅಂಗಡಿಯಲ್ಲಿ ನಿಂತರೆ ಅಪ್ಪನಿಗಿಂತ ಜಾಸ್ತಿ ಸಂಪಾದಿಸಬಹುದು. ಅವನು ಕಸುಬಿನಲ್ಲಿ ಉಳಿಯಬೇಕಂದ್ರೆ ಬಿದ್ರಿಯ ಬೆಲೆ ಏರಲೇಬೇಕು. ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೋಲ್ ಇದನ್ನು ಸಂಗೀತ ಕಚೇರಿಯ ಉದಾಹರಣೆಯಿಂದ ವಿವರಿಸಿದರು. ಶಿಕ್ಷಕರು, ನರ್ಸ್‌ಗಳು, ನೇಕಾರರು, ಎಲ್ಲರಿಗೂ ಇದು ಅನ್ವಯಿಸುತ್ತದೆ. ಬಿದ್ರಿ ತುಟ್ಟಿ ಅಂತ ಚೌಕಾಸಿ ಮಾಡುವ ಮೊದಲು ದಯವಿಟ್ಟು ಇದನ್ನು ನೆನೆಸಿಕೊಳ್ಳಿ.

ಮುಂದಿನ ಇತಿಹಾಸವೇ ನಮಗೆ ಹೆಚ್ಚು ಮುಖ್ಯ. ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಕಂದಾಯ ಎತ್ತಿಕೊಳ್ಳಲು ಸರದಾರರಿಗೆ ಬಿಟ್ಟುಕೊಟ್ಟ ಜಾಗೀರುಗಳು, ನಿಜಾಮರ ಸ್ವಂತ ಖರ್ಚಿಗೆಂದೇ ಇಟ್ಟ ಸರ್ಫ್-ಎ-ಖಾಸ್ ಜಮೀನುಗಳು. ಜಾಗೀರು ರದ್ದಾದದ್ದು 1949ರಲ್ಲಿ. ಅಲ್ಲಿಯವರೆಗೆ ಎಷ್ಟೋ ಕಡೆ ಉಳುವವನಿಗೆ ನಾಳೆ ಈ ಹೊಲ ನನ್ನದೇ ಅನ್ನುವ ಭರವಸೆ ಇರಲಿಲ್ಲ. ಭರವಸೆ ಇಲ್ಲದವನು ಬಾವಿ ಯಾಕೆ ತೋಡುತ್ತಾನೆ? ಬದು ಯಾಕೆ ಹಾಕುತ್ತಾನೆ? ದುಡಿದವನಿಗೆ ಫಲ ಸಿಗುವ ವ್ಯವಸ್ಥೆ ಇದ್ದ ದೇಶಗಳೇ ಮುಂದೆ ಹೋದವು ಅಂತ ತೋರಿಸಿದ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ಅವರಿಗೆ 2024ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಅಜ್ಜಂದಿರಿಗೆ ಇದು ಹೊಲದ ಬದುವಿನ ಮೇಲೆ ನಿಂತೇ ಗೊತ್ತಿತ್ತು.

ಅದೇ ಕಾಲದಲ್ಲಿ ಬೇರೆ ಕಡೆ ಏನಾಗುತ್ತಿತ್ತು? ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲೇ ಹೆಂಚಿನ ಕಾರ್ಖಾನೆ ತೆರೆದಿದ್ದರು. ಅಮ್ಮೆಂಬಳ ಸುಬ್ಬರಾವ್ ಪೈ ಅವರು 1906ರಲ್ಲಿ ಈಗಿನ ಕೆನರಾ ಬ್ಯಾಂಕ್ ಶುರು ಮಾಡಿದರು. ಅದಕ್ಕೂ ಮೊದಲೇ ಅವರು ಹೆಣ್ಣುಮಕ್ಕಳ ಶಾಲೆ ಕಟ್ಟಿದ್ದರು ಅನ್ನುವುದನ್ನು ಗಮನಿಸಿ. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ ತಂದಿತು. ಹಳೇ ಮೈಸೂರಿನಲ್ಲಿ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್, 1916ರಲ್ಲಿ ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು. ನಮ್ಮ ಕಲಬುರಗಿಗೆ ಇಂಜಿನಿಯರಿಂಗ್ ಕಾಲೇಜು ಬಂದದ್ದು 1958ರಲ್ಲಿ, ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಹೈದರಾಬಾದಿನಲ್ಲಿ 1918ರಿಂದ ಉಸ್ಮಾನಿಯಾ ಇತ್ತು, ದೊಡ್ಡ ಸಂಸ್ಥೆ. ಆದರೆ ಅಲ್ಲಿ ಪಾಠ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುವ ಹಳ್ಳಿ ಹುಡುಗನಿಗೆ ಅದು ಎರಡು ಸಲ ದೂರ, ದಾರಿಯಲ್ಲೂ ಭಾಷೆಯಲ್ಲೂ.

ವಿಶ್ವವಿದ್ಯಾಲಯದ ಲೆಕ್ಕದಲ್ಲಿ 64 ವರ್ಷದ ಅಂತರ. ಮೂರು ತಲೆಮಾರು ಅಂದುಕೊಳ್ಳಿ. ಅಜ್ಜಿ ಓದಿದ್ದರೆ ತಾಯಿ ಹೆಚ್ಚು ಓದುತ್ತಾಳೆ, ಮಗಳು ಇನ್ನೂ ಹೆಚ್ಚು. ಅಜ್ಜಿ ಓದದಿದ್ದರೆ ಆ ಸಾಲೇ ತಡವಾಗಿ ಶುರುವಾಗುತ್ತದೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57. ಬೀದರ್ ಶೇ. 70.51, ಕಲಬುರಗಿ ಶೇ. 64.85, ಯಾದಗಿರಿ ಶೇ. 51.83. ಯಾದಗಿರಿಯ ಹೆಣ್ಣುಮಕ್ಕಳದ್ದು ಶೇ. 41.38 ಮಾತ್ರ. ಈ ಕೊನೆಯ ಅಂಕಿಯನ್ನು ಬೋರ್ಡಿನ ಮೇಲೆ ಬರೆಯುವಾಗಲೆಲ್ಲ ನನ್ನ ಕೈ ನಿಲ್ಲುತ್ತದೆ. ಹತ್ತು ಹೆಣ್ಣುಮಕ್ಕಳಲ್ಲಿ ಆರು ಜನಕ್ಕೆ ಔಷಧಿಯ ಚೀಟಿ, ಬಸ್ಸಿನ ಬೋರ್ಡು, ಬ್ಯಾಂಕಿನ ಪಾಸ್‌ಬುಕ್ ಓದಲು ಬರುತ್ತಿರಲಿಲ್ಲ ಅಂತ ಇದರ ಅರ್ಥ.

ರಾಜ್ಯದ ಪ್ರಾದೇಶಿಕ ಅಸಮತೋಲನ ನೋಡಲು ಸರ್ಕಾರ ನೇಮಿಸಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಇದನ್ನೆಲ್ಲ ತಾಲೂಕು ತಾಲೂಕಾಗಿ ಅಳೆಯಿತು. ರಾಜ್ಯದ 114 ತಾಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂದಿತು. ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371-ಜೆ ವಿಧಿ ಬಂತು, ಓದಿನಲ್ಲಿ, ಕೆಲಸದಲ್ಲಿ ಮೀಸಲಾತಿ ಬಂತು, ಅಭಿವೃದ್ಧಿ ಮಂಡಳಿ ಬಂತು, ಅನುದಾನ ಬಂತು. ಇದರಿಂದ ಡಾಕ್ಟರ್, ಇಂಜಿನಿಯರ್ ಆದ ನನ್ನ ವಿದ್ಯಾರ್ಥಿಗಳಿದ್ದಾರೆ, ಅದು ಸಣ್ಣ ವಿಷಯ ಅಲ್ಲ. ಆದರೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕಟ್ಟಡ ಕಟ್ಟುವುದಕ್ಕೆ ನಾವು ಕೊಟ್ಟಷ್ಟು ಗಮನ ಕಟ್ಟಡದೊಳಗೆ ಯಾರು ಕೂರುತ್ತಾರೆ ಅನ್ನುವುದಕ್ಕೆ ಕೊಡಲಿಲ್ಲ. ಶಾಲೆಯ ಕೋಣೆ ಇದೆ, ಗಣಿತದ ಮೇಷ್ಟ್ರು ಇಲ್ಲ. ಆಸ್ಪತ್ರೆಯಲ್ಲಿ ಯಂತ್ರ ಇದೆ, ನಡೆಸುವವರಿಲ್ಲ.

ಹೊಸ ವಸ್ತು ಬಂದ ಕೂಡಲೇ ಉತ್ಪಾದಕತೆ ಏರುವುದಿಲ್ಲ ಅನ್ನುವುದು ಬೇರೆ ದೇಶಗಳಲ್ಲೂ ಕಂಡ ಸತ್ಯ. ಎಡಿಸನ್ 1882ರಲ್ಲಿ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರ ತೆರೆದರು. ಆದರೆ ಅಮೆರಿಕದ ಕಾರ್ಖಾನೆಗಳಲ್ಲಿ ಅದರ ಫಲ ದೊಡ್ಡದಾಗಿ ಕಂಡದ್ದು 1920ರ ದಶಕದಲ್ಲಿ. ಮೊದಲಿಗೆ ಅವರು ಮಾಡಿದ್ದು ಇಷ್ಟೇ: ಉಗಿ ಎಂಜಿನ್ ಇದ್ದ ಜಾಗದಲ್ಲಿ ಒಂದು ದೊಡ್ಡ ಮೋಟಾರು ಇಟ್ಟರು, ಉಳಿದ ಗಾಲಿ, ಬೆಲ್ಟುಗಳೆಲ್ಲ ಹಳೆಯವೇ. ಪ್ರತಿ ಯಂತ್ರಕ್ಕೂ ಒಂದು ಸಣ್ಣ ಮೋಟಾರು ಹಾಕಿ, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಕಾರ್ಖಾನೆಯನ್ನೇ ಹೊಸದಾಗಿ ಜೋಡಿಸಿದಾಗ ಲಾಭ ಬಂತು. ಅಷ್ಟು ಹೊತ್ತಿಗೆ 40 ವರ್ಷ ಕಳೆದಿತ್ತು. ನಮ್ಮ ಕಚೇರಿಗಳಲ್ಲಿ ಕಂಪ್ಯೂಟರ್‌ಗೂ ಹಾಕಿ, ಅದನ್ನೇ ರಿಜಿಸ್ಟರ್‌ನಲ್ಲೂ ಬರೆದು, ಮತ್ತೆ ಜೆರಾಕ್ಸ್ ಕೇಳುತ್ತಾರಲ್ಲ, ಅದು ಉಗಿ ಎಂಜಿನ್ ಜಾಗದಲ್ಲಿ ಮೋಟಾರು ಇಟ್ಟ ಹಾಗೆ. ನಾನು ಪಿಂಚಣಿ ಕಾಗದಕ್ಕೆ ಒಂದು ಕಚೇರಿಗೆ ಏಳು ಸಲ ಹೋದೆ. ಆ ಏಳು ದಿನ ನನ್ನ ಹಾಗೆ ಬೆಂಚಿನ ಮೇಲೆ ಕೂತ ಹೆಚ್ಚಿನವರು ದಿನಗೂಲಿಯವರು.

ಏರಿದ ಉತ್ಪಾದಕತೆ ಇಳಿಯುವುದೂ ಇದೆ. ನಾರಾಯಣಪುರದ ಬಸವಸಾಗರದಿಂದ ಕಾಲುವೆ ಬಂದಾಗ ಸುರಪುರ, ಶಹಾಪುರ, ಜೇವರ್ಗಿ ಕಡೆಯ ಹೊಲಗಳ ಬಣ್ಣವೇ ಬದಲಾಯಿತು. ಜೋಳದ ಹೊಲ ಭತ್ತದ ಗದ್ದೆ ಆಯಿತು. ಖಾಲಿ ಕೈಗಳಿಗೆ ಎರಡನೇ ಬೆಳೆಯ ಕೆಲಸ ಸಿಕ್ಕಿತು. ಆದರೆ ಕಾಲುವೆಯ ತಲೆಯಲ್ಲಿ ಇದ್ದವರು ಬೇಕಾಬಿಟ್ಟಿ ನೀರು ನಿಲ್ಲಿಸಿದರು, ಕೊನೆಯಲ್ಲಿ ಇದ್ದವರಿಗೆ ನೀರು ಮುಟ್ಟಲಿಲ್ಲ. ನೀರು ನಿಂತ ಎರೆ ಭೂಮಿ ಜವಳಾಯಿತು, ಉಪ್ಪು ಮೇಲೆ ಬಂದು ಸವಳಾಯಿತು. ಹತ್ತು ಚೀಲ ಬಂದ ಜಾಗದಲ್ಲಿ ಈಗ ಹುಲ್ಲೂ ಸರಿಯಾಗಿ ಬೆಳೆಯದ ಹೊಲಗಳನ್ನು ನಾನೇ ನೋಡಿದ್ದೇನೆ. ನೀರಿನ ಜೊತೆ ಬಸಿಗಾಲುವೆಯೂ ಬೇಕಿತ್ತು, ನೀರು ಹಂಚಿಕೊಳ್ಳುವ ಒಪ್ಪಂದವೂ ಬೇಕಿತ್ತು.

ಸರಾಸರಿಯ ಬಗ್ಗೆ ಒಂದು ಎಚ್ಚರಿಕೆ. ಸೇಡಂ, ಚಿತ್ತಾಪುರ ತಾಲೂಕುಗಳಲ್ಲಿ ಸುಣ್ಣಕಲ್ಲು ಇದೆ, ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಅಲ್ಲಿ ಒಬ್ಬ ಕಾರ್ಮಿಕನ ಲೆಕ್ಕಕ್ಕೆ ಬರುವ ಉತ್ಪನ್ನ ಬಹಳ ದೊಡ್ಡದು. ಆದರೆ ಯಂತ್ರ ಜಾಸ್ತಿ, ಆಳು ಕಡಿಮೆ. ಕಾರ್ಖಾನೆಯ ಗೋಡೆಯ ಈಚೆ ಅದೇ ಹಳೆಯ ತೊಗರಿ ಹೊಲ, ಅದೇ ಖಾಲಿ ದಿನ. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿ ಯಾರ ಮನೆಯ ಕತೆಯನ್ನೂ ಹೇಳುವುದಿಲ್ಲ.

ಕೇಳುಗರಲ್ಲಿ ಒಬ್ಬ ಹುಡುಗಿ ಚೀಟಿ ಕಳಿಸಿದ್ದಾಳೆ: "ಸರ್, ಹಾಗಾದರೆ ನಾವು ಓದಿ ಬೆಂಗಳೂರಿಗೆ ಹೋಗಬೇಕಾ, ಇಲ್ಲೇ ಇರಬೇಕಾ?" ಹೋಗಮ್ಮ, ಹೋಗಬೇಕು ಅನ್ನಿಸಿದರೆ ಖಂಡಿತ ಹೋಗು. ನಿನ್ನ ಕೈಗೆ ಬೆಲೆ ಸಿಗುವ ಕಡೆ ಹೋಗುವುದು ತಪ್ಪಲ್ಲ. ಆದರೆ ನೀನು ಹೋಗದೆ ಉಳಿದರೂ ನಿನ್ನ ಕೈಗೆ ಅಷ್ಟೇ ಬೆಲೆ ಸಿಗಬೇಕು, ಅದು ನನ್ನಂಥ ಹಿರಿಯರು, ಈ ಊರು, ಈ ಸರ್ಕಾರ ತೀರಿಸಬೇಕಾದ ಬಾಕಿ.

ಕಾಯುವ, ಕೈ ಖಾಲಿ ಕೂರುವ ಹೊತ್ತಿನ ಬಗ್ಗೆ ನಾನು ಇಷ್ಟು ಸಲ ಯಾಕೆ ಹೇಳಿದೆ ಗೊತ್ತಾ? ನಮ್ಮ ಭಾಗದಲ್ಲಿ ಅದನ್ನು ಯಾರೂ ಸರಿಯಾಗಿ ಎಣಿಸಿಲ್ಲ ಅನ್ನುವುದು ನನ್ನ ಅನಿಸಿಕೆ. ನಿಮಗೊಂದು ಕೆಲಸ ಕೊಡುತ್ತೇನೆ. ನಾಳೆಯಿಂದ ಒಂದು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಬಸ್ಸಿಗೆ ಎಷ್ಟು ಹೊತ್ತು ನಿಂತಿರಿ. ಅವ್ವ ನೀರಿಗೆ ಎಷ್ಟು ಹೊತ್ತು ನಿಂತಳು. ಅಪ್ಪ ಸೊಸೈಟಿಯ ಮುಂದೆ ಗೊಬ್ಬರಕ್ಕೆ ಎಷ್ಟು ಹೊತ್ತು ನಿಂತ. ಕರೆಂಟ್ ಎಷ್ಟು ಗಂಟೆಗೆ ಹೋಗಿ ಎಷ್ಟು ಗಂಟೆಗೆ ಬಂತು. ಯಾರ ಹೆಸರೂ ಬೇಡ, ಬರೀ ನಿಮಿಷ ಬರೆಯಿರಿ. ಮುಂದಿನ ತಿಂಗಳು ನಾನು ಮತ್ತೆ ಇದೇ ಕೋಣೆಗೆ ಬರುತ್ತೇನೆ. ಆ ನೋಟ್‌ಬುಕ್‌ಗಳನ್ನು ಈ ಮೇಜಿನ ಮೇಲೆ ಇಟ್ಟುಕೊಂಡು ಎಲ್ಲರೂ ಕೂತು ಕೂಡಿಸೋಣ.